ಎವರಿಸ್ತೋ ಕಾಸಿದ ಆಪಿ

ಲೋಕದಲ್ಲಿ ಇದುವರೆಗೆ ಬಂದ ಪ್ರೇಮಕಥೆಗಳೆಲ್ಲ ಬೂಸಾ, ಅಸಲಿ ಪ್ರೇಮಕಥೆಯನ್ನು ತಾನೊಬ್ಬಳೇ ಬರೆಯಬಲ್ಲೆ ಎಂದು ನೆಮೆಸಿಯಾ ಘೋಷಿಸಿದ್ದು ಸಾನ್ ಹಾಸಿಂತೋ ಗಣಿ ಕಾರ್ಮಿಕ ಸಂಘದ ರೇಡಿಯೋ ಕೋಣೆಯಲ್ಲಿ. ಆಗ ಅವಳ ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಅರ್ಧ ಸುಲಿದ ಆಲೂಗಡ್ಡೆ. ಅಡುಗೆಮನೆಯಿಂದ ಹಾಗೇ ಎದ್ದು ಬಂದಿದ್ದಳು.

ಆದದ್ದಿಷ್ಟೇ. ಮಧ್ಯಾಹ್ನದ ಧಾರಾವಾಹಿಯ ಟೇಪುಗಳು ನಗರದಿಂದ ಬಸ್ಸಿನಲ್ಲಿ ಬರಬೇಕಿತ್ತು. ಬಸ್ಸು ರಸ್ತೆತಡೆಯಲ್ಲಿ ಸಿಕ್ಕಿಬಿದ್ದಿತ್ತು. ರಸ್ತೆಗೆ ಬಂಡೆ ಉರುಳಿಸಿ ಕೂತವರು ಗೃಹಿಣಿಯರ ಸಮಿತಿಯವರು. ಆ ಸಮಿತಿಯ ಮುಂದಾಳು ಸಾಕ್ಷಾತ್ ನೆಮೆಸಿಯಾ! ಹೀಗಾಗಿ ಧಾರಾವಾಹಿಯ ಹೊತ್ತಿಗೆ ರೇಡಿಯೋದಲ್ಲಿ ಬರೀ ಗೊರಗೊರ ಸದ್ದು. ರೇಡಿಯೋ ನಡೆಸುವ ಕ್ಲೆತೋ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಸೈನಿಕರು ಬಂದು ಯಂತ್ರ ಒಡೆದು ಹೋದಾಗಲೂ ಅವನು ಇಷ್ಟು ಹೆದರಿರಲಿಲ್ಲ. ಸೈನಿಕರಾದರೆ ಒಡೆದು ಹೊರಟುಹೋಗುತ್ತಾರೆ. ಧಾರಾವಾಹಿ ತಪ್ಪಿದ ಹೆಂಗಸರು ಹೋಗುವುದಿಲ್ಲ.

ನೆಮೆಸಿಯಾಗೆ ಆ ಧಾರಾವಾಹಿಯ ಮೇಲೆ ಮೊದಲಿನಿಂದಲೂ ಹಲ್ಲುಕಡಿತ. ನಾಯಕಿ ಬಂಗಲೆಯಲ್ಲಿ ಕೂತು ಅಳುತ್ತಾಳೆ. ನಾಯಕ ಅವಳನ್ನು ಅನುಮಾನಿಸುತ್ತಾನೆ. ಅವಳಿಗೆ ಒಮ್ಮೆ ಜ್ಞಾಪಕಶಕ್ತಿ ಹೋಗುತ್ತದೆ, ಅವನಿಗೆ ಒಮ್ಮೆ ಕಣ್ಣು ಹೋಗುತ್ತದೆ. ಎಲ್ಲ ಹೋದಮೇಲೆ ಕೊನೆಯ ಕಂತಿನಲ್ಲಿ ಪ್ರೀತಿ ಬರುತ್ತದೆ. ಆ ಹೆಂಗಸಿಗೆ ಕಾಲಿಲ್ಲವೇ, ಎದ್ದು ಹೋಗಬಾರದೇ, ಆ ಗಂಡಸಿಗೆ ಬಾಯಿಲ್ಲವೇ, ಕೇಳಬಾರದೇ ಎಂದು ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಅವಳು ಎಷ್ಟೋ ಸಲ ಭಾಷಣ ಮಾಡಿದ್ದಳು.

"ಒಬ್ಬರನ್ನೊಬ್ಬರು ಕಂಡ್ರೆ ಇಷ್ಟ ಇರೋ ಗಂಡ ಹೆಂಡ್ತಿ ಕಥೆ ಬರೀತೀನಿ," ಎಂದಳು. "ಮೊದಲ ದಿನದಿಂದಲೂ ಇಷ್ಟ. ನಡುವೆ ಸವತಿ ಇಲ್ಲ, ಸಾಹುಕಾರ್ತಿ ಅತ್ತೆ ಇಲ್ಲ, ಯಾರಿಗೂ ಏನೂ ಮರೆತು ಹೋಗಲ್ಲ."

ಕ್ಲೆತೋ ಕನ್ನಡಕ ತೆಗೆದು ಒರೆಸಿಕೊಂಡ. "ಹಂಗಾದ್ರೆ ಕಥೇಲಿ ಆಗೋದೇನು, ನೆಮೆಸಿಯಾ ಅಮ್ಮಾವ್ರೇ?"

"ಸಂಸಾರ ಆಗುತ್ತೆ. ಸಾಲದಾ?"

ಕ್ಲೆತೋ ಒಪ್ಪಿದ. ಚಾಕು ಅವಳ ಕೈಯಲ್ಲಿತ್ತಲ್ಲ!

ಇವಳು ಬರೆದ ಕರಪತ್ರ ಓದಿ ಗಣಿ ಮಂತ್ರಿಯೊಬ್ಬ ರಾಜಧಾನಿಯಲ್ಲಿ ನಿದ್ದೆಗೆಟ್ಟಿದ್ದನಂತೆ. ಇವಳ ಒಂದು ಕೂಗಿಗೆ ಊರಿನ ಹೆಂಗಸರು ಪಾತ್ರೆ ಬಡಿಯುತ್ತ ಬೀದಿಗಿಳಿಯುತ್ತಿದ್ದರು. ಅಂಥವಳಿಗೆ ಎರಡು ಹೃದಯಗಳ ಪಿಸುಮಾತು ಯಾವ ಲೆಕ್ಕ? ಮನೆಗೆ ಹೋದವಳೇ ಟೈಪ್‌ರೈಟರ್ ಮುಂದೆ ಕೂತು ಪ್ರೇಮಕ್ಕೆ ಕೈಹಾಕಿದಳು. ನಾಯಕಿ ನಾಯಕನಿಗೆ ಹೇಳುವ ಮೊದಲ ಮಾತು ಹೀಗೆ ಬಂತು: 'ಪ್ರಿಯ ಎವರಿಸ್ತೋ, ನನ್ನ ಹೃದಯದ ನ್ಯಾಯಬದ್ಧ ಬೇಡಿಕೆಗಳನ್ನು ಈ ಕೂಡಲೇ ಈಡೇರಿಸದಿದ್ದಲ್ಲಿ ಮುಂದಿನ ಪರಿಣಾಮಗಳಿಗೆ ನೀನೇ ಹೊಣೆಯಾಗತಕ್ಕದ್ದು.'

ನಾಯಕಿ ಲುಸಿಂದಾಳಿಗೆ ದನಿ ಕೊಡಲು ಒಪ್ಪಿದ್ದವಳು ಗೆಳತಿ ತೊಮಾಸಾ. ಮಾರುಕಟ್ಟೆಯ ಮೂಲೆಯಲ್ಲಿ ಬೆಳಗ್ಗೆ ಆಪಿ ಮಾರುವವಳು. ನೇರಳೆ ಜೋಳದ ಹಿಟ್ಟಿಗೆ ಲವಂಗ, ಚಕ್ಕೆ, ಸಕ್ಕರೆ ಹಾಕಿ ಕಾಸಿದ ಆ ಬಿಸಿ ಗಂಜಿ ಹೊಟ್ಟೆಗಿಳಿಯದೆ ಆ ಎತ್ತರದ ಚಳಿಯಲ್ಲಿ ಯಾರ ಬಾಯಿಂದಲೂ ಮಾತು ಹೊರಡದು. ತೊಮಾಸಾ ಆ ಒಂದು ಸಾಲು ಓದಿ ನೆಲಕ್ಕೆ ಕೂತು ನಕ್ಕಳು. ಇದನ್ನು ಕೇಳಿದರೆ ಎವರಿಸ್ತೋ ಪ್ರೀತಿಸುವುದಿಲ್ಲ, ವಕೀಲನನ್ನು ಹುಡುಕುತ್ತಾನೆ ಎಂದಳು.

ಸರಿ, ಮಾದರಿಗೆ ಮನೆಯಲ್ಲೇ ಒಬ್ಬ ಗಂಡನಿದ್ದಾನಲ್ಲ, ನೋಡಿಬಿಡೋಣ ಎಂದು ನೆಮೆಸಿಯಾ ತಿರುಗಿದಳು. ಇಲಾರಿಯೋನ್ ಗಣಿಯಲ್ಲಿ ಬಂಡೆ ಕೊರೆದು ನಿವೃತ್ತನಾದವನು. ಬಂಡೆಯ ಜೊತೆ ಇದ್ದೂ ಇದ್ದೂ ಮಾತು ಕಡಿಮೆ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಅವಳದೇ ಚಪ್ಪಲಿಗೆ ಅಟ್ಟೆ ಹೊಡೆಯುತ್ತಿದ್ದ.

"ನಾನಂದ್ರೆ ನಿಂಗೆ ಇಷ್ಟಾನಾ?" ಎಂದು ಕೇಳಿದಳು.

ಅವನು ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. "ಯಾಕೆ, ಸಭೆಗೆ ಬೇಕಾ?"

ಉತ್ತರಕ್ಕೆ ಕಾಯ್ದಳು. ಅವನು ಮತ್ತೆ ಮೊಳೆ ಬಾಯಿಗಿಟ್ಟುಕೊಂಡ. ಈ ಸರಕಿನಲ್ಲಿ ಅರ್ಧ ಕಂತೂ ಹುಟ್ಟುವುದಿಲ್ಲವೆಂದು ನೆಮೆಸಿಯಾ ಗಂಡನನ್ನು ಕೈಬಿಟ್ಟು ಕಲ್ಪನೆಯನ್ನು ಹಿಡಿದಳು.

ಎವರಿಸ್ತೋ ಹುಟ್ಟಿದ್ದು ಹಾಗೆ. ಲುಸಿಂದಾ ಏಳುವ ಮುಂಚೆಯೇ ಅವನು ಏಳುತ್ತಾನೆ. ಅವಳ ಶಾಲನ್ನು ಒಲೆಯ ಮುಂದೆ ಹಿಡಿದು ಬೆಚ್ಚಗೆ ಮಾಡುತ್ತಾನೆ. ಆಪಿ ಕಾಸಿ, ಲವಂಗ ಸೋಸಿ, ಹಾಸಿಗೆಗೇ ತಂದುಕೊಟ್ಟು, ಅಂಚಿನಲ್ಲಿ ಕೂತು, ಏನು ಕನಸು ಕಂಡೆ ಎಂದು ಕೇಳುತ್ತಾನೆ. ಮುಖ್ಯವಾದ ಮಾತೆಂದರೆ, ಅವಳು ಹೇಳುವುದನ್ನು ಕೊನೆಯ ತನಕ ಕೇಳಿಸಿಕೊಳ್ಳುತ್ತಾನೆ!

ಮೊದಲ ಕಂತು ಹೋದ ಮಧ್ಯಾಹ್ನ ತಗಡಿನ ಮನೆಗಳ ಸಾಲುಸಾಲೇ ಮೌನವಾಯಿತು. ಒಗೆಯುವ ಕಟ್ಟೆಯಲ್ಲಿ ಸೋಪು ಜಾರಿ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ನಾಯಕ ಆಪಿಯ ಲೋಟ ಕೆಳಗಿಟ್ಟ 'ಟಕ್' ಸದ್ದು ಕೇಳಿ ಒಬ್ಬಳು ಅತ್ತೇಬಿಟ್ಟಳು. ಎವರಿಸ್ತೋಗೆ ದನಿ ಕೊಡುತ್ತಿದ್ದ ಕ್ಲೆತೋ ಮೈಕಿನ ಮುಂದೆ ಬರಿಯ ಲೋಟವೊಂದನ್ನು ಮೇಜಿಗೆ ತಾಗಿಸಿದ್ದ, ಅಷ್ಟೇ.

ಮಾರನೆಯ ದಿನ ಬೆಳಗ್ಗೆ ಸಾನ್ ಹಾಸಿಂತೋದಲ್ಲಿ ಯಾವ ಹೆಂಗಸೂ ಹಾಸಿಗೆಯಿಂದ ಏಳಲಿಲ್ಲ.

ಗಂಡಸರಿಗೆ ಮೊದಲು ಜ್ವರವೆನಿಸಿತು. ಆಮೇಲೆ ಇದು ಕಾಯಿಲೆಯಲ್ಲ, ನಿರೀಕ್ಷೆ ಎಂದು ತಿಳಿಯಿತು. ಡೈನಮೈಟ್ ಕಟ್ಟುವ ಕೈಗಳು ಜೋಳದ ಹಿಟ್ಟಿನ ಮುಂದೆ ಸೋತವು. ಕಲಕುವುದು ಕ್ಷಣ ನಿಲ್ಲಿಸಿದರೆ ಆಪಿ ಗಂಟುಕಟ್ಟುತ್ತದೆ, ಬೆಂಕಿ ಸ್ವಲ್ಪ ಹೆಚ್ಚಾದರೆ ತಳ ಹಿಡಿಯುತ್ತದೆ, ಉಕ್ಕಿದರೆ ಒಲೆ, ಪ್ಯಾಂಟು, ಗೋಡೆ ಎಲ್ಲ ನೇರಳೆ. ಗಣಿಯ ಬಾಗಿಲಿಗೆ ಅಂದಿನ ಪಾಳಿಯವರು ಸೋತ ಸೈನ್ಯದಂತೆ ನೇರಳೆ ಕಲೆ ಹೊತ್ತು ತಡವಾಗಿ ಬಂದರು. ಜಾಣರು ಕತ್ತಲಲ್ಲೇ, ಊರಿಗೆ ಎದ್ದಿದ್ದ ಒಬ್ಬಳೇ ಹೆಂಗಸಾದ ತೊಮಾಸಾಳ ಅಂಗಡಿಗೆ ಹೂಜಿ ಹಿಡಿದು ಓಡಿ, ಕೊಂಡು ತಂದ ಆಪಿಯನ್ನು ತಮ್ಮದೇ ಎಂದು ಕೊಟ್ಟರು. ತೊಮಾಸಾ ಅದಕ್ಕೆ ಬೇಕೆಂದೇ ಗಂಟು ಬೆರೆಸಿ ಕೊಡುತ್ತಿದ್ದಳಂತೆ, ಹೆಂಡತಿಯರಿಗೆ ಅನುಮಾನ ಬಾರದಿರಲೆಂದು.

ಗಣಿಯ ಒಳಗೆ ಕೊಂಬಿನ ದೇವರು ತೀಯೋ ಮಣ್ಣಿನ ಮೈ ಹೊತ್ತು ಕೂತಿದ್ದಾನೆ. ಅವನ ಬಾಯಿಗೆ ಸಿಗರೇಟು, ಮಡಿಲಿಗೆ ಕೋಕಾ ಎಲೆ ಇಟ್ಟು ಗಣಿಯವರು ಪ್ರಾಣ ಕಾಪಾಡೆಂದು ಕೇಳುವುದು ವಾಡಿಕೆ. ಆ ವಾರ ಅವನ ಮಡಿಲು ಎಲೆಯಿಂದ ತುಂಬಿ ತುಳುಕಿತು. ಎಲ್ಲರದೂ ಒಂದೇ ಹರಕೆ. ಎವರಿಸ್ತೋನನ್ನು ಕರೆಸಿಕೋ, ಸ್ವಾಮಿ!

ತೀಯೋ ಕಿವಿಗೊಡದಿದ್ದಾಗ ಸೈರನ್ ಕೂಗಿಸಿ ಮಹಾಸಭೆ ಕರೆದರು. ಪಾಳಿಗೆ ತೊಂದರೆಯಾಗುವ ಯಾವ ಸಂಗತಿಯಾದರೂ ಸಭೆಗೆ ಬರಬೇಕು, ಸಭೆ ತೀರ್ಮಾನಿಸಿದ್ದಕ್ಕೆ ಎಲ್ಲರೂ ತಲೆಬಾಗಬೇಕು ಎಂಬುದು ಆ ಊರಿನ ಕಟ್ಟಳೆ. ಅದನ್ನು ಕಟ್ಟಿದವರಲ್ಲಿ ನೆಮೆಸಿಯಾಳೂ ಒಬ್ಬಳು. ಕಾರ್ಯದರ್ಶಿ ಫ್ರೊಯ್ಲಾನ್ ಗಂಟಲು ಸರಿಮಾಡಿಕೊಂಡು, ತವರದ ಬೆಲೆಯ ಚರ್ಚೆ ಮುಂದಕ್ಕೆ, ಮೊದಲು ಸಂಗಾತಿ ಎವರಿಸ್ತೋನ ವಿಚಾರ ಎಂದ. ವಿಷಯ ಗಂಭೀರವೆಂದು ತಿಳಿಯಲಿ ಎಂದು ಹೊರಗೆ ಯಾರೋ ಒಂದು ಡೈನಮೈಟ್ ಕಡ್ಡಿ ಸಿಡಿಸಿದರು.

ಚರ್ಚೆ ಕಾವೇರಿತು. ಎವರಿಸ್ತೋ ಯಾವ ಪಾಳಿಯವನು ಎಂದು ಒಬ್ಬ ಎದ್ದ. ಬೆಳಗ್ಗೆ ಲವಂಗ ಸೋಸುವಷ್ಟು ಬಿಡುವು ದುಡಿಯುವವನಿಗೆ ಎಲ್ಲಿಂದ ಬರುತ್ತದೆ? ಇನ್ನೊಬ್ಬ ಎದ್ದು, ಇವನನ್ನು ಯಾವ ಮೆರವಣಿಗೆಯಲ್ಲೂ ಕಂಡವರಿಲ್ಲ, ಮುಷ್ಕರದಲ್ಲೂ ಇವನಿರಲಿಲ್ಲ, ಕಂಪನಿಯ ಏಜೆಂಟನೇ ಇರಬೇಕು ಎಂದ. ಸಭೆ ಹೌಹಾರಿತು. ಎವರಿಸ್ತೋನನ್ನು ಸಂಘದಿಂದ ಉಚ್ಚಾಟಿಸಬೇಕೆಂದು ಸೂಚನೆ ಬಂತು. ಅವನು ಸದಸ್ಯನೇ ಅಲ್ಲವಲ್ಲ ಎಂದು ಕ್ಲೆತೋ ನೆನಪಿಸಿದ. ಹಾಗಾದರೆ ಮೊದಲು ಸೇರಿಸಿಕೊಂಡು ಆಮೇಲೆ ಉಚ್ಚಾಟಿಸೋಣ ಎಂದು ತಿದ್ದುಪಡಿ ಬಂತು. ಅವನ ಕೂದಲು ಕೊಂಕಿದರೆ ಊರಿನ ಒಲೆ ಒಂದೂ ಹೊತ್ತುವುದಿಲ್ಲವೆಂದು ಹೆಂಗಸರು ಹಿಂದಿನ ಬೆಂಚುಗಳಿಂದ ಸಾರಿದರು.

ಕೊನೆಗೆ ಫ್ರೊಯ್ಲಾನ್ ಕೈ ಎತ್ತಿ ಸುಮ್ಮನಾಗಿಸಿದ. "ಸಂಗಾತಿ ನೆಮೆಸಿಯಾ, ನೀವು ಸುಳ್ಳು ಬರೆಯೋರಲ್ಲ ಅಂತ ಊರಿಗೇ ಗೊತ್ತು. ಇಂಥ ಗಂಡ ಒಬ್ಬ ಈ ಊರಲ್ಲಿ ಇದ್ದಾನೆ ಅಂತ ತೋರ್ಸಿ, ಎವರಿಸ್ತೋ ನೂರ್ಕಾಲ ಬದುಕ್ಲಿ. ಇಲ್ದಿದ್ರೆ ಶನಿವಾರದ ಕಂತಿನಲ್ಲಿ ಅವನು ಗಣಿ ಗುಂಡಿಗೆ ಬೀಳ್ಬೇಕು."

ಇಂಥ ಗಳಿಗೆಯಲ್ಲಿ ಬುದ್ಧಿಯುಳ್ಳವರು ನೀರು ಕುಡಿದು ಯೋಚಿಸುತ್ತಾರೆ. ನೆಮೆಸಿಯಾ ಸಭೆಗಳಲ್ಲಿ ಹಣ್ಣಾದವಳು. ಸವಾಲು ಬಂದರೆ ನಾಲಿಗೆ ಮೊದಲು, ತಲೆ ಆಮೇಲೆ.

"ಇದ್ದಾನೆ. ನಮ್ಮನೇಲೇ ಇದ್ದಾನೆ. ಅಗೋ, ಅಲ್ಲಿ ಕೂತಿದ್ದಾನೆ!"

ಊರಿಗೆ ಊರೇ ಇಲಾರಿಯೋನ್‌ನತ್ತ ತಿರುಗಿತು. ಕಂಬಕ್ಕೊರಗಿ ತೂಕಡಿಸುತ್ತಿದ್ದವನು ಗಕ್ಕನೆ ಎಚ್ಚೆತ್ತ. ಫ್ರೊಯ್ಲಾನ್ ಹೌದೇ ಎಂದು ಕೇಳಿದ. ಏನು ಕೇಳಿದರೆಂದು ತಿಳಿಯದಿದ್ದರೂ ರೂಢಿಯಂತೆ ಇಲಾರಿಯೋನ್ "ಹ್ಞೂಂ" ಎಂದ. ಶನಿವಾರ ಅವನು ರೇಡಿಯೋದಲ್ಲಿ ತನ್ನ ಬಾಯಿಂದಲೇ ಇದನ್ನು ಹೇಳಬೇಕೆಂದು ಸಭೆ ತೀರ್ಮಾನಿಸಿತು. ಸಂಘದ ರೇಡಿಯೋದ ಮೈಕು ಯಾರು ಬಂದರೂ ತೆರೆದಿರುವ ಮೈಕು. ಅಲ್ಲಿ ಇದುವರೆಗೆ ಸುಳ್ಳು ಹೇಳಿದವರಿಲ್ಲ.

ಅಲ್ಲಿಂದ ಇಲಾರಿಯೋನ್‌ನ ಬಾಳು ನಾಯಿಪಾಡಾಯಿತು. ಬ್ರೆಡ್ಡು ತರಲು ಹೋದರೆ ಹೆಂಗಸರು ದಾರಿ ಬಿಟ್ಟು ನಿಂತು, ಲೋಟಕ್ಕೆ ಎಷ್ಟು ಲವಂಗ ಎಂದು ವಿನಯದಿಂದ ಕೇಳಿದರು. ಹಳೆಯ ಪಾಳಿಯ ಗೆಳೆಯರು, ಬಾರಪ್ಪಾ ಎವರಿಸ್ತೋ, ರಾತ್ರಿ ಏನು ಕನಸು ಬಿತ್ತು ಎಂದು ಕಾಡಿದರು. ಬೆಳಗ್ಗೆ ಕಿಟಕಿಯ ಗಾಜಿಗೆ ನೆರೆಹೊರೆಯ ಮೂಗುಗಳು ಒತ್ತಿಕೊಂಡಿದ್ದವು. ಅವನು ಶಾಲು ಬೆಚ್ಚಗೆ ಮಾಡುವುದನ್ನು ಕಣ್ಣಾರೆ ಕಾಣಬೇಕಂತೆ!

ಗುರುವಾರ ಬೆಳಗ್ಗೆ ಅವನು ಹಾಸಿಗೆ ಸುತ್ತಿ, ಕಂಬಳಿಯಂಥ ಪೊಂಚೋ ಹೊದ್ದು, ಅಂಗಳದ ಬೆಂಚಿನ ಮೇಲೆ ಕೂತುಬಿಟ್ಟ.

"ಇನ್ಮೇಲೆ ಈ ಮನೇಲಿ ಆ ಎವರಿಸ್ತೋನೇ ಇರ್ಲಿ. ನಂದು ಅನಿರ್ದಿಷ್ಟ ಮುಷ್ಕರ."

ನೆಮೆಸಿಯಾಗೆ ನಗು ತಡೆಯಲಾಗಲಿಲ್ಲ. ಮುಷ್ಕರವೆಂದರೇನೆಂದು ಇವಳಿಗೆ ಕಲಿಸುವುದೇ? "ಮುಷ್ಕರ ಮಾಡೋಕೆ ಕೆಲಸ ಅಂತ ಒಂದಿರ್ಬೇಕಲ್ಲ, ಮುದುಕ. ನೀನು ಏನು ನಿಲ್ಲಿಸ್ತೀಯ? ಹ್ಞೂಂ ಅನ್ನೋದನ್ನಾ?"

ಅವನು ಅದನ್ನೂ ನಿಲ್ಲಿಸಿದ.

ಶುಕ್ರವಾರ ಅವಳು ಮುಖ ತೊಳೆಯಲು ಹೋದರೆ ಪೀಪಾಯಿಯಲ್ಲಿ ನೀರಿಲ್ಲ. ಬೀದಿಯ ನಲ್ಲಿ ಬಿಡುವುದು ನಸುಕಿನಲ್ಲಿ. ಪೀಪಾಯಿ ತಾನೇ ತುಂಬಿಕೊಳ್ಳುವುದಿಲ್ಲವೆಂಬ ಸಂಗತಿ ಅವಳ ಗಮನಕ್ಕೆ ಬಂದದ್ದೇ ಅಂದು. ಬಾಗಿಲು ಅರ್ಧ ತೆರೆದು ಸಿಕ್ಕಿಹಾಕಿಕೊಂಡಿತು. ಅದರ ತಿರುಗಣೆಗೆ ದಿನವೂ ಯಾರೋ ಎಣ್ಣೆ ಬಿಡುತ್ತಿದ್ದರು. ಟೈಪ್‌ರೈಟರಿನ ರಿಬ್ಬನ್ನು ಮಸುಕಾಯಿತು. ಮುಗಿದಾಗಲೆಲ್ಲ ಅದು ತಾನಾಗೇ ಹೊರಳಿಕೊಳ್ಳುತ್ತದೆಂದು ಅವಳು ನಂಬಿದ್ದಳು. ಮೊಣಕಾಲು ನೋವಿಗೆ ಹಚ್ಚುವ ಮುಲಾಮಿನ ಡಬ್ಬಿ ಖಾಲಿ. ಆ ಡಬ್ಬಿ ಖಾಲಿಯಾಗಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ!

ಬೆಂಚಿನ ಮೇಲಿನ ಪೊಂಚೋ ಅಲುಗಲಿಲ್ಲ. ನೆಮೆಸಿಯಾಳೂ ಸೋಲಲಿಲ್ಲ. ಮಾಲೀಕನ ಜಾಗದಲ್ಲಿ ಕೂತು ಮುಷ್ಕರ ನೋಡುವುದು ಇಷ್ಟು ಕಷ್ಟವೆಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಶನಿವಾರ ಎಲ್ಲವೂ ಒಟ್ಟಿಗೆ ಕವುಚಿಕೊಂಡಿತು. ಕಂತು ಬರೆದ ಹಾಳೆಗಳನ್ನು ಒಲೆಯ ಪಕ್ಕ ಇಟ್ಟು, ಪಕ್ಕದ ಮನೆಯಿಂದ ಕಡ ತಂದ ಒಂದು ಲೋಟ ನೀರಿನಲ್ಲಿ ಕಾಫಿಯಾದರೂ ಕಾಸಿ ಕುಡಿದು ಹೊರಡೋಣವೆಂದು ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆದಳು. ಅದರ ಕಣ್ಣಿಗೆ ದಿನಾ ಪಿನ್ನು ಚುಚ್ಚಬೇಕು. ಚುಚ್ಚುವವನು ಅಂಗಳದಲ್ಲಿದ್ದ. ಸ್ಟೌವು ಒಮ್ಮೆ ಕೆಮ್ಮಿತು, ಎರಡನೆಯ ಸಲ ಸೀನಿತು. ಭಗ್ಗೆಂದು ಎದ್ದ ಮಸಿ ಅವಳ ಮುಖ, ಗೋಡೆ, ಹಾಳೆ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿತು. ಬೆಂಕಿಯ ಒಂದು ನಾಲಿಗೆ ಎವರಿಸ್ತೋನ ಮಾತುಗಳನ್ನೆಲ್ಲ ನೆಕ್ಕಿಕೊಂಡಿತು. ತೊಳೆಯಲು ನೀರಿಲ್ಲ. ಅರ್ಧ ತೆರೆದ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ನುಸುಳಿ ಅವಳು ರೇಡಿಯೋ ಕೋಣೆಗೆ ಓಡಿದಳು. ದಾರಿಯಲ್ಲಿ ಕಂಡವರು ಗಣಿಯಿಂದ ತೀಯೋನೇ ಎದ್ದು ಬಂದನೆಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರಂತೆ.

ಅಲ್ಲಿ ತೊಮಾಸಾಳೂ ಇಲ್ಲ. ಆಪಿಗೆ ಗಿರಾಕಿ ಹೆಚ್ಚಾಗಿ, ಜೋಳ ತರಲು ಪಟ್ಟಣಕ್ಕೆ ಹೋಗಿದ್ದಳು. ಕಿಟಕಿಯ ಹೊರಗೆ ಫ್ರೊಯ್ಲಾನ್ ಮತ್ತು ಅರ್ಧ ಊರು ಸಾಕ್ಷಿಗೆ ನಿಂತಿತ್ತು. ಕ್ಲೆತೋ ಸಂಗೀತ ಮುಗಿಸಿ ಇವಳ ಮುಖ ನೋಡಿ ಮೈಕಿನ ಮುಂದೆಯೇ "ಅಯ್ಯಯ್ಯೋ" ಎಂದ. ಆ ದಿನದ ಕಂತಿನ ಮೊದಲ ಮಾತು ಅದೇ ಆಯಿತು.

ಹಾಳೆಯಿಲ್ಲದ ನೆಮೆಸಿಯಾ ತಾನೇ ಲುಸಿಂದಾಳಾಗಿ ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಬೆಳಗಾಗಿದೆ, ಎವರಿಸ್ತೋ ಎಲ್ಲಿ? ಪೀಪಾಯಿಯಲ್ಲಿ ನೀರಿಲ್ಲ, ಬಾಗಿಲು ಸಿಕ್ಕಿಕೊಂಡಿದೆ, ಒಲೆಗೆ ಪಿನ್ನು ಚುಚ್ಚಿದವರಿಲ್ಲ. ಇಷ್ಟು ದಿನ ಇವೆಲ್ಲ ಹೇಗೆ ನಡೆಯುತ್ತಿದ್ದವು, ಎವರಿಸ್ತೋ? ಎವರಿಸ್ತೋನ ಮಾತು ಬರೆದ ಹಾಳೆ ಕ್ಲೆತೋನ ಕೈಯಲ್ಲೂ ಇರಲಿಲ್ಲ. ಗಾಬರಿಯಲ್ಲಿ ಲೋಟವನ್ನು ಟಕ್ಕೆಂದು ಕುಟ್ಟಿದ. ಮತ್ತೊಮ್ಮೆ ಕುಟ್ಟಿದ. ಮೂರನೆಯ ಸಲ ಲೋಟ ಒಡೆಯಿತು.

ಆಗ ಬಾಗಿಲು ತಳ್ಳಿಕೊಂಡು ಪೊಂಚೋ ಒಳಗೆ ಬಂತು. ಇಲಾರಿಯೋನ್ ಟೋಪಿ ತೆಗೆದು, ಕ್ಲೆತೋನನ್ನು ಪಕ್ಕಕ್ಕೆ ಸರಿಸಿ, ಮೈಕಿನ ಮುಂದೆ ಕೂತ.

"ನಾನು ಎವರಿಸ್ತೋ ಅಲ್ಲ," ಎಂದ. "ಎಲ್ಲರ್ಗೂ ಹೇಳ್ತಿದೀನಿ, ಲವಂಗದ ವಿಷ್ಯ ನನ್ನ ಕೇಳ್ಬೇಡಿ. ಆಪಿ ಕಾಸೋಕೆ ನಂಗೆ ಬರಲ್ಲ."

ಹೊರಗೆ ಗಂಡಸರ ಹರ್ಷೋದ್ಗಾರ ಎದ್ದಿತು. ಎವರಿಸ್ತೋನ ಹೆಣ ಬಿತ್ತೆಂದು ನೆಮೆಸಿಯಾ ಕಣ್ಣು ಮುಚ್ಚಿದಳು. ಅದರ ಹಿಂದೆಯೇ ತನ್ನ ಮಾನವೂ ಗುಂಡಿಗೆ ಉರುಳುವ ಸದ್ದು ಅವಳಿಗೆ ಕೇಳಿಸಿತು.

"ನೀರು ತುಂಬ್ತೀನಿ," ಎಂದು ಇಲಾರಿಯೋನ್ ಮುಂದುವರಿಸಿದ. ಜನ್ಮದಲ್ಲಿ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿರಲಿಲ್ಲ. "ಇವಳು ಆಗಾಗ ಉಪವಾಸ ಮುಷ್ಕರ ಕೂರೋಳು. ಆವಾಗೆಲ್ಲ ನಾನೂ ಮನೇಲಿ ಒಲೆ ಹಚ್ತಿರ್ಲಿಲ್ಲ. ಹಸಿವಿಗೆ ಕೋಕಾ ಎಲೆ ಅಗಿದು ಪಾಳಿಗೆ ಹೋಗ್ತಿದ್ದೆ. ಯಾರ್ಗೂ ಹೇಳಿಲ್ಲ. ಹೇಳ್ಕೊಂಡು ತಿರುಗೋಕೆ ಅದೇನು ಧಾರಾವಾಹಿನಾ?" ಆ ಮೈಕಿನ ಮುಂದೆ ಸುಳ್ಳು ಹೇಳಬಾರದಲ್ಲ. "ಒಂದ್ಸಲ ಬ್ರೆಡ್ಡು ತಿಂದೆ. ಅರ್ಧ. ಸಭೆ ಮನ್ನಿಸ್ಬೇಕು."

ಕಿಟಕಿಯಾಚೆ ಫ್ರೊಯ್ಲಾನ್ ಟೋಪಿ ತೆಗೆದಿದ್ದ. ನೆಮೆಸಿಯಾಳ ಕೆನ್ನೆಯ ಮಸಿಯ ಮೇಲೆ ಎರಡು ಗೆರೆ ಇಳಿದವು. ಕಣ್ಣಿಗೆ ಮಸಿ ಹೋಗಿದೆ ಎಂದಳು. ಅದು ನಿಜವೂ ಆಗಿತ್ತು.

"ಸಂಗಾತಿ, ನಿಮ್ಮ ಬೇಡಿಕೆ ಏನು?" ಎಂದು ಮೈಕಿನಲ್ಲೇ ಕೇಳಿದಳು.

"ಕಿಟಕಿಗೆ ಒಂದು ಪರದೆ."

ಬೇಡಿಕೆಗೆ ಅಲ್ಲೇ ಒಪ್ಪಿಗೆ ಸಿಕ್ಕಿತು. ಮುಷ್ಕರ ಮುಗಿಯಿತು. ಎವರಿಸ್ತೋ ಬದುಕಬಹುದು, ಆದರೆ ಇನ್ನು ಮುಂದೆ ಅವನು ನೀರೂ ಹೊರಬೇಕು, ಮೆರವಣಿಗೆಗೂ ಬರಬೇಕು ಎಂದು ಫ್ರೊಯ್ಲಾನ್ ಕಿಟಕಿಯಿಂದಲೇ ತೀರ್ಪು ಕೊಟ್ಟ. ಗಂಡಸರು ಗೊಣಗುತ್ತ, ಹೆಂಗಸರು ತಮ್ಮ ಮನೆಯ ಪೀಪಾಯಿ ತುಂಬುವವರು ಯಾರೆಂದು ಇದೇ ಮೊದಲು ಯೋಚಿಸುತ್ತ ಚದುರಿದರು. ಕೆಲವು ಮನೆಗಳಲ್ಲಿ ಅದನ್ನು ತುಂಬುತ್ತಿದ್ದವರೂ ಹೆಂಗಸರೇ. ಅಂಥ ಮನೆಗಳ ಗಂಡಸರಿಗೆ ಆ ಸಂಜೆ ಊಟ ತಡವಾಯಿತು.

ಪ್ರೇಮಕಥೆಯ ಪಾಠ ಕಲಿತು ಮುಗಿಯಿತೆಂದು ನೆಮೆಸಿಯಾ ಭಾನುವಾರ ಕಣ್ಣುಬಿಟ್ಟರೆ ಇಲಾರಿಯೋನ್ ಹಾಸಿಗೆಯ ಪಕ್ಕ ನಿಂತಿದ್ದ. ಕೈಯಲ್ಲಿ ಲೋಟ. ಲೋಟದಲ್ಲಿ ನೇರಳೆ ಬಣ್ಣದ ಏನೋ ಒಂದು. ಊರೆಲ್ಲ ಕಲಿತಿದ್ದನ್ನು ತಾನೊಬ್ಬ ಕಲಿಯದಿದ್ದರೆ ಹೇಗೆಂದು ಕಾಸಿದನಂತೆ. ಅವಳು ಒಂದು ಗುಟುಕು ಕುಡಿದಳು. ತಳ ಹಿಡಿದಿತ್ತು. ಗಂಟುಗಳನ್ನು ಅಗಿಯಬೇಕಿತ್ತು. ಸಕ್ಕರೆಯ ಡಬ್ಬಿಯ ಪಕ್ಕದಲ್ಲಿ ಉಪ್ಪಿನ ಡಬ್ಬಿ ಇರುತ್ತದೆ.

ಅವನು ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಬಾಯನ್ನೇ ನೋಡುತ್ತಿದ್ದ. ಮಂತ್ರಿಗಳ ಮುಂದೆ, ಮೇಜರ್‌ಗಳ ಮುಂದೆ ಒಂದೂ ಸುಳ್ಳಾಡದ ನೆಮೆಸಿಯಾ ಬಾಯಲ್ಲಿದ್ದ ಗಂಟನ್ನು ನುಂಗಿ, ಭೇಷಾಗಿದೆ ಎಂದಳು.

"ಹಂಗಾದ್ರೆ ದಿನಾ ಮಾಡ್ತೀನಿ," ಎಂದ ಇಲಾರಿಯೋನ್.

ಮಾಡಿದ. ಸೋಮವಾರ ಮಾಡಿದ, ಮಂಗಳವಾರ ಮಾಡಿದ. ಬುಧವಾರ ಅವಳು ಹೊಟ್ಟೆ ಹಿಡಿದುಕೊಂಡು ಟೈಪ್‌ರೈಟರಿನ ಮುಂದೆ ಕೂತಳು. ಮಧ್ಯಾಹ್ನದ ಕಂತಿನಲ್ಲಿ ಲುಸಿಂದಾ ಕೆಮ್ಮುತ್ತ, ಎವರಿಸ್ತೋ, ಇನ್ನು ಮೇಲೆ ಆಪಿ ಮುಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟರು, ಏನು ಮಾಡಲಿ ಎಂದು ಬಲು ದುಃಖದಿಂದ ಹೇಳಿದಳು. ಊರಿನ ಗಂಡಸರು ಆ ಡಾಕ್ಟರನ್ನು ಹರಸಿದರು. ಅಂಗಳದ ಬೆಂಚಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ ಇಲಾರಿಯೋನ್ ತಲೆಯಾಡಿಸಿ "ಹ್ಞೂಂ" ಎಂದ. ಬದುಕಿದೆ ಎಂದುಕೊಂಡು ನೆಮೆಸಿಯಾ ಅಂದು ಕಣ್ತುಂಬ ನಿದ್ದೆ ಮಾಡಿದಳು.

ಗುರುವಾರ ಬೆಳಗ್ಗೆ ಯಾರೋ ಹೆಗಲು ಅಲುಗಿಸಿದರು. ಮೂಗಿಗೆ ಸೀದ ಬೆಳ್ಳುಳ್ಳಿಯ ವಾಸನೆ ಬಡಿಯಿತು. ಇಲಾರಿಯೋನ್ ಬಟ್ಟಲು ಹಿಡಿದು ನಿಂತಿದ್ದ.

"ಪಾಪ, ಲುಸಿಂದಾಗೆ ಆಪಿ ಆಗಿಬರಲ್ಲವಂತೆ," ಎಂದ. "ಏಳು. ಸೂಪು ಮಾಡಿದೀನಿ."